ಗಾಜಿನ ಮೇಲಿನ ಚಿನ್ನದ ಪದರ ಟೇಪಿಗೆ ಕಿತ್ತು ಬರುತ್ತಿದೆ, ದಪ್ಪವೂ ತಾಳೆಯಾಗುತ್ತಿಲ್ಲ

ತೆಳುಪದರ_ವಿದ್ಯಾರ್ಥಿ:

ಸರ್ಫೇಸ್ ಪ್ಲಾಸ್ಮಾನ್ (ಲೋಹದ ಮೇಲ್ಮೈಯಲ್ಲಿ ಬೆಳಕು ಎಬ್ಬಿಸುವ ಎಲೆಕ್ಟ್ರಾನ್ ಅಲೆ) ಪ್ರಯೋಗಕ್ಕೆ (632.8 ನ್ಯಾನೋಮೀಟರ್ ಲೇಸರ್, ಪ್ರಿಸಂ ಜೋಡಣೆ) ಗಾಜಿನ ಮೇಲೆ 50 ನ್ಯಾನೋಮೀಟರ್ ಚಿನ್ನ ಬೇಕು. ಥರ್ಮಲ್ ಇವ್ಯಾಪರೇಶನ್ (ನಿರ್ವಾತದಲ್ಲಿ ಲೋಹ ಕಾಯಿಸಿ ಅದರ ಆವಿಯನ್ನು ಗಾಜಿನ ಮೇಲೆ ಕೂರಿಸುವುದು), 12 ಇಂಚಿನ ಬೆಲ್ ಜಾರ್ (ನಿರ್ವಾತದ ಕೋಶ), ಡಿಫ್ಯೂಷನ್ ಪಂಪ್. ಒತ್ತಡ 2×10⁻⁵ ಮಿಲಿಬಾರ್‌ಗಿಂತ ಕೆಳಗೆ ಇಳಿಯುವುದಿಲ್ಲ. ಮಾಮೂಲಿ ಮೈಕ್ರೋಸ್ಕೋಪ್ ಸ್ಲೈಡ್‌ಗಳನ್ನು ಸೋಪಿನ ನೀರು, ಅಸಿಟೋನ್, ಐಸೋಪ್ರೊಪನಾಲ್ ಮೂರರಲ್ಲೂ ಹತ್ತತ್ತು ನಿಮಿಷ ಅಲ್ಟ್ರಾಸೋನಿಕ್ ಮಾಡಿ ಕಂಪ್ರೆಸರ್ ಗಾಳಿಯಲ್ಲಿ ಒಣಗಿಸುತ್ತೇವೆ. ಮೊದಲು ಕ್ರೋಮಿಯಂ 3 ನ್ಯಾನೋಮೀಟರ್, ಸೆಕೆಂಡಿಗೆ 0.5 ಆಂಗ್‌ಸ್ಟ್ರಾಂ. ಪವರ್ ಸಪ್ಲೈ ಒಂದೇ ಇರುವುದರಿಂದ ಎಲೆಕ್ಟ್ರೋಡ್ ಬದಲಾಯಿಸಿ ಚಿನ್ನದ ಬೋಟ್ (ಲೋಹ ಇಟ್ಟು ಕಾಯಿಸುವ ಪುಟ್ಟ ತಟ್ಟೆ) ಕಾಯಿಸುವಷ್ಟರಲ್ಲಿ ಆರೇಳು ನಿಮಿಷ ಹಿಡಿಯುತ್ತದೆ. ಆಮೇಲೆ ಚಿನ್ನ, ಸೆಕೆಂಡಿಗೆ 2 ಆಂಗ್‌ಸ್ಟ್ರಾಂ.

ತೊಂದರೆ ಮೂರು. ಸ್ಕಾಚ್ ಟೇಪ್ ಅಂಟಿಸಿ ಎಳೆದರೆ ಪದರ ಹಾಳೆಯ ಹಾಗೆ ಎದ್ದು ಬರುತ್ತದೆ. ಕ್ರಿಸ್ಟಲ್ ಮಾನಿಟರ್ (ಪದರ ಕೂರುವಾಗಲೇ ಕಂಪಿಸುವ ಸ್ಫಟಿಕದಿಂದ ದಪ್ಪ ತೋರಿಸುವುದು) 50 ಎಂದರೆ ಪ್ರೊಫೈಲೋಮೀಟರ್ (ಪದರದ ಮೆಟ್ಟಿಲಿನ ಎತ್ತರ ಅಳೆಯುವುದು) 38 ಎನ್ನುತ್ತದೆ. ಎಎಫ್‌ಎಂನಲ್ಲಿ (ಚೂಪಾದ ಟಿಪ್ಪಿನಿಂದ ಮೇಲ್ಮೈ ತಡವುವ ಮೈಕ್ರೋಸ್ಕೋಪ್) ಒರಟುತನ 4.8 ನ್ಯಾನೋಮೀಟರ್ ಬಂದಿದೆ, ಇಷ್ಟೊಂದು ಇರಬೇಕೆ? ಟೂಲಿಂಗ್ ಫ್ಯಾಕ್ಟರ್ (ಕ್ರಿಸ್ಟಲ್ ಮೇಲೆ ಬಿದ್ದದ್ದಕ್ಕೆ ಹೋಲಿಸಿ ಸ್ಲೈಡ್ ಮೇಲೆ ಶೇಕಡ ಎಷ್ಟು ಬೀಳುತ್ತದೆ ಎಂದು ಮಾನಿಟರ್‌ಗೆ ಕೊಡುವ ಸಂಖ್ಯೆ) 100ರಲ್ಲೇ ಇದೆ. ಬೋಟಿನಿಂದ ಸ್ಲೈಡ್‌ಗೆ 18.5 ಸೆಂ.ಮೀ., ಕ್ರಿಸ್ಟಲ್‌ಗೆ ಸುಮಾರು 16.

ಬೆಲ್‌ಜಾರ್_ಬಸವ:

ಏನು ಬದಲಾಯಿಸುವುದಿದ್ದರೂ ಮೊದಲು ಪದರ ಎಲ್ಲಿಂದ ಬಿಟ್ಟಿದೆ ನೋಡಿ. ಟೇಪ್ ಕಿತ್ತ ಜಾಗವನ್ನು ಬಿಳಿ ಕಾಗದದ ಮೇಲಿಟ್ಟು ಪಕ್ಕದ ಬರಿ ಗಾಜಿನ ಜೊತೆ ಹೋಲಿಸಿ. ತೆಳು ಬೂದು ಛಾಯೆ ಉಳಿದಿದ್ದರೆ ಕ್ರೋಮಿಯಂ ಗಾಜಿಗೆ ಕಚ್ಚಿಕೊಂಡಿದೆ, ಚಿನ್ನ ಮಾತ್ರ ಕ್ರೋಮಿಯಂ ಮೇಲಿಂದ ಜಾರಿದೆ. ಗಾಜು ಸ್ವಚ್ಛವಾಗಿದ್ದರೆ ಕ್ರೋಮಿಯಂ ಸಮೇತ ಎದ್ದಿದೆ, ಅಂದರೆ ತೊಳೆಯುವುದರಲ್ಲಿ ದೋಷ. ಎರಡಕ್ಕೂ ಔಷಧಿ ಬೇರೆ ಬೇರೆ. ಕಣ್ಣಿಗೆ ಗೊತ್ತಾಗದಿದ್ದರೆ ಯುವಿ-ವಿಸಿಬಲ್‌ನಲ್ಲಿ ಬೆಳಕು ಎಷ್ಟು ದಾಟುತ್ತದೆ ನೋಡಿ, 3 ನ್ಯಾನೋಮೀಟರ್ ಕ್ರೋಮಿಯಂ ಇದ್ದರೂ ಅಲ್ಲಿ ಅಡಗಿ ಕೂರುವುದಿಲ್ಲ.

ನನ್ನ ಮೊದಲ ಅನುಮಾನ ಆ ಆರೇಳು ನಿಮಿಷದ ಮೇಲೆ. 10⁻⁶ ಟಾರ್‌ನಲ್ಲಿ, ಬಡಿದ ಅಣುವೆಲ್ಲ ಅಂಟಿಕೊಳ್ಳುತ್ತದೆ ಎಂದಿಟ್ಟುಕೊಂಡರೆ, ಮೇಲ್ಮೈಗೆ ಸುಮಾರು ಒಂದು ಸೆಕೆಂಡಿಗೆ ಒಂದು ಅಣುಪದರದಷ್ಟು ಅನಿಲ ಬಂದು ಬೀಳುತ್ತದೆ. ನಿಮ್ಮ ಒತ್ತಡ ಅದರ ಹದಿನೈದು ಪಟ್ಟು. ಬೆಲ್ ಜಾರ್‌ನಲ್ಲಿ ಉಳಿದಿರುವುದು ಬಹುಪಾಲು ನೀರಾವಿ. ತಾಜಾ ಕ್ರೋಮಿಯಂಗೆ ಆಮ್ಲಜನಕ ಎಂದರೆ ಹಸಿವು, ಅದಕ್ಕೇ ತಾನೆ ಗಾಜಿಗೆ ಅಂಟುವುದು. ಆರು ನಿಮಿಷ ಬಿಟ್ಟರೆ ಮೇಲ್ಭಾಗವೂ ಆಕ್ಸೈಡ್ ಆಗಿರುತ್ತದೆ. ಆಕ್ಸೈಡ್ ಮೇಲೆ ಚಿನ್ನ ಹಾಕುವುದೂ ಒಂದೇ, ಬರಿ ಗಾಜಿನ ಮೇಲೆ ಹಾಕುವುದೂ ಒಂದೇ.

ಪವರ್ ಸಪ್ಲೈ ಒಂದೇ ಇದ್ದರೂ ಪರವಾಗಿಲ್ಲ, ಕ್ರಮ ಬದಲಿಸಿ. ಶಟರ್ (ಆವಿ ಸ್ಲೈಡ್‌ಗೆ ತಲುಪದಂತೆ ತಡೆಯುವ ಮುಚ್ಚಳ) ಮುಚ್ಚಿಟ್ಟು ಮೊದಲು ಚಿನ್ನವನ್ನೇ ಪೂರ್ತಿ ಕರಗಿಸಿ, ಅದರೊಳಗಿನ ಅನಿಲ ಹೋಗಲಿ, ಬೋಟಿಗೆ ಸರಿಯಾಗಿ ಹರಡಿಕೊಳ್ಳಲಿ. ಯಾವ ಕರೆಂಟಿಗೆ 2 ಆಂಗ್‌ಸ್ಟ್ರಾಂ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಕ್ರೋಮಿಯಂ ಕಡೆ ತಿರುಗಿಸಿ, ಶಟರ್ ಮುಚ್ಚಿಯೇ ಒಂದೆರಡು ನಿಮಿಷ ಆವಿಯಾಗಲು ಬಿಡಿ. ಆ ಆವಿ ಜಾರ್‌ನ ಗೋಡೆಗೆ ಹತ್ತಿ ಉಳಿದ ಆಮ್ಲಜನಕ, ನೀರಾವಿಯನ್ನು ಹೀರುತ್ತದೆ, ಗೇಜಿನ ಮುಳ್ಳು ಇಳಿಯುವುದು ಕಾಣುತ್ತದೆ. ಆಗ ಶಟರ್ ತೆಗೆದು 3 ನ್ಯಾನೋಮೀಟರ್ ಹಾಕಿ, ಮುಚ್ಚಿ, ಚಿನ್ನಕ್ಕೆ ಬನ್ನಿ. ಒಮ್ಮೆ ಕರಗಿದ ಚಿನ್ನಕ್ಕೆ ಮತ್ತೆ ಬಿಸಿ ಏರಿಸಲು ಒಂದು ನಿಮಿಷ ಸಾಕು.

ಇನ್ನು ಕಂಪ್ರೆಸರ್ ಗಾಳಿ. ಅದರಲ್ಲಿ ಎಣ್ಣೆಯ ಹನಿ ಇದ್ದೇ ಇರುತ್ತದೆ. ಅಷ್ಟು ತೊಳೆದು ಕೊನೆಗೆ ಎಣ್ಣೆ ಬಳಿದ ಹಾಗೆ. ಒಣ ನೈಟ್ರೋಜನ್ ಸಿಲಿಂಡರ್ ಬಳಸಿ. ತೊಳೆದಾದ ಮೇಲೆ ಶುದ್ಧ ನೀರಿನಿಂದ ಸ್ಲೈಡ್ ಎತ್ತಿ ಹಿಡಿದು ನೋಡಿ: ನೀರು ಒಂದೇ ಹಾಳೆಯಾಗಿ ನಿಲ್ಲಬೇಕು, ಹನಿಹನಿಯಾಗಿ ಒಡೆದರೆ ಮತ್ತೆ ತೊಳೆಯಿರಿ. ಜಾರ್‌ನಲ್ಲಿ ಗ್ಲೋ ಡಿಸ್ಚಾರ್ಜ್ ರಿಂಗ್ (ವಿದ್ಯುತ್ತಿನಿಂದ ಅನಿಲ ಹೊಳೆಯಿಸಿ ಗಾಜು ಶುಚಿ ಮಾಡುವ ಬಳೆ) ಇದ್ದರೆ 0.05–0.1 ಮಿಲಿಬಾರ್‌ನಲ್ಲಿ ಐದು ನಿಮಿಷ ಓಡಿಸಿ. ಒಳ್ಳೆಯದೇ ಅಲ್ಲವೇ ಎಂದು ಅರ್ಧ ಗಂಟೆ ಬಿಟ್ಟರೆ ರಿಂಗಿನ ಅಲ್ಯೂಮಿನಿಯಂ ಬಂದು ಗಾಜಿನ ಮೇಲೆ ಕೂರುತ್ತದೆ. ರೋಟರಿ ಪಂಪನ್ನೂ 0.05 ಮಿಲಿಬಾರ್‌ಗಿಂತ ಕೆಳಕ್ಕೆ ಎಳೆಯಲು ಬಿಡಬೇಡಿ, ಆ ಒತ್ತಡದಲ್ಲಿ ಅದರ ಎಣ್ಣೆಯ ಆವಿ ಕೊಳವೆಯಲ್ಲಿ ಹಿಂದಕ್ಕೆ ಬರುತ್ತದೆ. ಡಿಫ್ಯೂಷನ್ ಪಂಪಿನ ಮೇಲಿನ, ಆವಿಯನ್ನು ತಂಪಿಗೆ ಹಿಡಿದಿಡುವ ಟ್ರ್ಯಾಪ್‌ಗೆ ದ್ರವ ನೈಟ್ರೋಜನ್ ಸುರಿಯುವ ಅಭ್ಯಾಸ ಅನೇಕ ಕಡೆ ತಪ್ಪಿಹೋಗಿದೆ. ಆ ಟ್ರ್ಯಾಪ್ ಅಲಂಕಾರಕ್ಕೆ ಇಟ್ಟದ್ದಲ್ಲ.

ಸ್ಫಟಿಕ_6ಮೆಗಾಹರ್ಟ್ಸ್:

ದಪ್ಪದ ವಿಷಯ ಮಾತ್ರ ಹೇಳುತ್ತೇನೆ. ಮಾನಿಟರ್ ಸುಳ್ಳು ಹೇಳುತ್ತಿಲ್ಲ, ತನ್ನ ಮೇಲೆ ಬಿದ್ದದ್ದನ್ನು ಹೇಳುತ್ತಿದೆ. ದೂರದ ವರ್ಗಕ್ಕೆ ತಕ್ಕಂತೆ ಆವಿ ತೆಳುವಾಗುತ್ತದೆ. 16ನ್ನು 18.5ರಿಂದ ಭಾಗಿಸಿ ವರ್ಗ ಮಾಡಿದರೆ 0.75. ಕ್ರಿಸ್ಟಲ್ ಮೇಲೆ 50 ಬಿದ್ದಾಗ ಸ್ಲೈಡ್ ಮೇಲೆ 37.4. ನೀವು ಅಳೆದದ್ದು 38. ಇದಕ್ಕಿಂತ ತಾಳೆ ಬೇಕೆ!

ಹೊಸ ಟೂಲಿಂಗ್ = ಹಳೆ ಟೂಲಿಂಗ್ × ಅಳೆದ ದಪ್ಪ ÷ ಮಾನಿಟರ್ ತೋರಿಸಿದ ದಪ್ಪ. ನಿಮ್ಮದು 76. ಆದರೆ 50 ನ್ಯಾನೋಮೀಟರ್‌ನ ಒಂದೇ ಪದರ ನಂಬಿ ಇದನ್ನು ಗಟ್ಟಿ ಮಾಡಬೇಡಿ. ಟೂಲಿಂಗ್ ತೆಗೆಯಲಿಕ್ಕೆಂದೇ 100–150 ನ್ಯಾನೋಮೀಟರ್‌ನ ಒಂದು ಪದರ ಹಾಕಿ. ಮೆಟ್ಟಿಲು ದೊಡ್ಡದಾದಷ್ಟೂ ಪ್ರೊಫೈಲೋಮೀಟರ್‌ನ ತಪ್ಪಿನ ಪಾಲು ಚಿಕ್ಕದು. ಟೇಪ್ ಅಂಟಿಸಿ ಮಾಡಿದ ಮೆಟ್ಟಿಲಿನ ಅಂಚು ಎದ್ದು ನಿಂತಿರುತ್ತದೆ, ಅಂಚು ಬಿಟ್ಟು ಎರಡೂ ಕಡೆಯ ಸಮತಟ್ಟು ಭಾಗದ ಸರಾಸರಿ ತೆಗೆಯಿರಿ. ಕ್ರೋಮಿಯಂ ಇಲ್ಲದೆ ಹಾಕಿದ ಚಿನ್ನವನ್ನು ಚೂಪಾದ ಬಿದಿರು ಕಡ್ಡಿಯಿಂದ ಗೀರಿದರೂ ಸಾಕು, ಚಿನ್ನ ಹೋಗುತ್ತದೆ, ಗಾಜಿಗೆ ಗೀರು ಬೀಳುವುದಿಲ್ಲ.

ಕ್ರೋಮಿಯಂ ಬೇರೆ ಎಲೆಕ್ಟ್ರೋಡ್‌ನಿಂದ ಬರುವುದರಿಂದ ಅದರ ಟೂಲಿಂಗ್ ಬೇರೆ. ಚಿನ್ನದ 76ನ್ನು ಅದಕ್ಕೆ ಹಾಕಬೇಡಿ, ಪ್ರತ್ಯೇಕವಾಗಿ ತೆಗೆಯಿರಿ. ಸಾಂದ್ರತೆ ಬದಲಿಸಲು ಮರೆಯುವುದು ಇನ್ನೊಂದು ಮಾಮೂಲಿ ಎಡವಟ್ಟು: ಚಿನ್ನಕ್ಕೆ 19.3, ಕ್ರೋಮಿಯಂಗೆ 7.2. ಚಿನ್ನದ ಸಂಖ್ಯೆ ಬಿಟ್ಟು ಕ್ರೋಮಿಯಂ ಹಾಕಿದರೆ ಪರದೆಯ 3 ನಿಜಕ್ಕೆ 8 ಆಗಿರುತ್ತದೆ. ಜೆಡ್ ಅನುಪಾತ (ಕ್ರಿಸ್ಟಲ್‌ಗೂ ಲೋಹಕ್ಕೂ ಇರುವ ಕಂಪನದ ವ್ಯತ್ಯಾಸ ಸರಿದೂಗಿಸುವ ಸಂಖ್ಯೆ: ಚಿನ್ನ 0.381, ಕ್ರೋಮಿಯಂ 0.305) ಹೊಸ ಕ್ರಿಸ್ಟಲ್ ಮೇಲಿನ ತೆಳು ಪದರಕ್ಕೆ ಅಷ್ಟು ಮುಖ್ಯವಲ್ಲ, ಹಳೆಯ ಲೋಹ ಕವಿದ ಕ್ರಿಸ್ಟಲ್‌ನಲ್ಲಿ ಮುಖ್ಯವಾಗುತ್ತದೆ.

ಬೋಟ್ ಕಾದೊಡನೆ ಅದರ ಬಿಸಿಗೇ ಕ್ರಿಸ್ಟಲ್‌ನ ಆವರ್ತನ ಜಾರಿ ಓದು ಕೆಲವು ಆಂಗ್‌ಸ್ಟ್ರಾಂ ಹಾರುತ್ತದೆ, ಒಮ್ಮೊಮ್ಮೆ ಮೈನಸ್‌ಗೂ ಹೋಗುತ್ತದೆ. 50ರಲ್ಲಿ ಇದು ಲೆಕ್ಕಕ್ಕಿಲ್ಲ, 3ರಲ್ಲಿ ಅರ್ಧ ನ್ಯಾನೋಮೀಟರ್ ಎಂದರೆ ಆರನೇ ಒಂದು ಪಾಲು. ತಂಪು ನೀರು ಹರಿಯುತ್ತಿರಲಿ. ಶಟರ್ ತೆಗೆಯುವ ಕ್ಷಣದಲ್ಲಿ ಜೀರೋ ಒತ್ತಿ, ಬೋಟ್ ಕಾಯಿಸುವ ಮೊದಲು ಅಲ್ಲ.

ಸ್ಲೈಡ್ 75 ಮಿ.ಮೀ. ಉದ್ದ. ನಡುವೆ 50 ಇದ್ದರೆ ತುದಿಯಲ್ಲಿ ಸುಮಾರು 46 ಇರುತ್ತದೆ, 18.5 ಸೆಂ.ಮೀ. ಎತ್ತರಕ್ಕೆ ಲೆಕ್ಕ ಹಾಗೆ ಬರುತ್ತದೆ. ನಡುವಿನ ಎರಡೂವರೆ ಸೆಂ.ಮೀ. ಒಳಗೆ ವ್ಯತ್ಯಾಸ ಶೇ. 1 ಕೂಡ ದಾಟದು. ಪ್ಲಾಸ್ಮಾನ್ ಅಳತೆಗೆ ಆ ಭಾಗ ಮಾತ್ರ ಕತ್ತರಿಸಿ ಬಳಸಿ.

ತೆಳುಪದರ_ವಿದ್ಯಾರ್ಥಿ:

ಕಿತ್ತ ಜಾಗ ನೋಡಿದೆ. ನಡುವೆ ಬೂದು ಛಾಯೆ ಇದೆ, ಅಂಚುಗಳಲ್ಲಿ ಗಾಜು ಪೂರ್ತಿ ಸ್ವಚ್ಛ. ಎರಡು ಪ್ರಶ್ನೆ: ಕ್ರೋಮಿಯಂ 10 ನ್ಯಾನೋಮೀಟರ್‌ಗೆ ಏರಿಸಿದರೆ ಗಟ್ಟಿಯಾಗುವುದಿಲ್ಲವೇ? 300 ಡಿಗ್ರಿಯಲ್ಲಿ ಒಂದು ಗಂಟೆ ಅನೀಲ್ ಮಾಡಿದರೆ (ಬಿಸಿಯಲ್ಲಿ ಇಟ್ಟರೆ) ಒರಟುತನ ಇಳಿಯುತ್ತದೆ ಎನ್ನುತ್ತಾರೆ, ಮಾಡಬಹುದೇ?

ಬೆಲ್‌ಜಾರ್_ಬಸವ:

ಹಾಗಾದರೆ ಎರಡೂ ದೋಷ ಇವೆ. ನಡುವೆ ಆಕ್ಸೈಡ್, ಅಂಚಿನಲ್ಲಿ ಕೊಳೆ. ಒಣಗಿಸುವಾಗ ದ್ರಾವಕ ಹೋಗಿ ನಿಲ್ಲುವುದು ಅಂಚಿನಲ್ಲೇ, ಅದರಲ್ಲಿ ಕರಗಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಸ್ಲೈಡನ್ನು ವಾಲಿಸಿ ಹಿಡಿದು ಮೇಲಿನಿಂದ ಕೆಳಕ್ಕೆ ನೈಟ್ರೋಜನ್ ಊದಿ, ಕೊನೆಯ ಹನಿಯನ್ನು ಟಿಶ್ಯೂಗೆ ಮುಟ್ಟಿಸಿ. ಅಸಿಟೋನ್ ಆರುವ ಮೊದಲೇ ಐಸೋಪ್ರೊಪನಾಲ್‌ಗೆ ಹೋಗಬೇಕು.

ಇಂಟರ್‌ಫೇಸ್:

ಎರಡಕ್ಕೂ ಬೇಡ ಎನ್ನುತ್ತೇನೆ.

ಹಿಡಿತ ಇರುವುದು ಗಾಜು–ಕ್ರೋಮಿಯಂ, ಕ್ರೋಮಿಯಂ–ಚಿನ್ನ ಸೇರುವ ಗಡಿಗಳಲ್ಲಿ. ನಡುವಿನ ಕ್ರೋಮಿಯಂ ದಪ್ಪ ಮಾಡಿದರೆ ಗಡಿ ಬಲಿಯುವುದಿಲ್ಲ. ಬದಲಿಗೆ ಕ್ರೋಮಿಯಂ ಆವಿಯಿಂದ ಕೂತ ಪದರದಲ್ಲಿ ಎಳೆತದ ಒತ್ತಡ ಜೋರಾಗಿರುತ್ತದೆ, ಅದು ದಪ್ಪದ ಜೊತೆ ಬೆಳೆದು ಪದರವನ್ನೇ ಎಬ್ಬಿಸಲು ನೋಡುತ್ತದೆ. ನಿಮ್ಮ ಪ್ರಯೋಗಕ್ಕಂತೂ ಇನ್ನೂ ಕೆಟ್ಟದ್ದು: ಕೆಂಪು ಬೆಳಕಿನಲ್ಲಿ ಕ್ರೋಮಿಯಂ ಚೆನ್ನಾಗಿ ಹೀರುತ್ತದೆ, 10 ನ್ಯಾನೋಮೀಟರ್ ಇದ್ದರೆ ಪ್ಲಾಸ್ಮಾನ್ ಎದ್ದ ಕೋನದಲ್ಲಿ ಕಾಣುವ ಪ್ರತಿಫಲನದ ತಗ್ಗು ಅಗಲವಾಗಿ ಮೇಲೇರಿಬಿಡುತ್ತದೆ. 2 ನ್ಯಾನೋಮೀಟರ್ ಸಾಕು. ಅದಕ್ಕಾಗಿಯೇ ಸ್ಫಟಿಕದವರು ಹೇಳಿದ ಜೀರೋ ವಿಷಯ ಮುಖ್ಯ.

300 ಡಿಗ್ರಿಯಲ್ಲಿ ಕ್ರೋಮಿಯಂ ಕೆಳಗೆ ಸುಮ್ಮನೆ ಕೂರುವುದಿಲ್ಲ. ಚಿನ್ನದ ಕಣಗಳ ನಡುವಿನ ಗಡಿಗಳಲ್ಲಿ ಹತ್ತಿ ಮೇಲ್ಮೈಗೆ ಬಂದು ಅಲ್ಲಿ ಆಕ್ಸೈಡ್ ಆಗುತ್ತದೆ. ಆಮೇಲೆ ಚಿನ್ನದ ಮೇಲೆ ಥಯಾಲ್ (ಚಿನ್ನಕ್ಕೆ ಅಂಟುವ ಗಂಧಕದ ತುದಿಯ) ಅಣುಗಳನ್ನು ಕೂರಿಸುವ ಆಸೆ ಇದ್ದರೆ ಅವು ಅರೆಬರೆ ಕೂರುತ್ತವೆ. ಮಾಡಲೇಬೇಕಿದ್ದರೆ 150 ಡಿಗ್ರಿ, ಒಂದು ಗಂಟೆ, ಬಿಸಿ ಏರಿಸುವುದೂ ಇಳಿಸುವುದೂ ನಿಧಾನ.

ಕ್ರೋಮಿಯಂ ಸಹವಾಸವೇ ಬೇಡವೆಂದರೆ ಮರ್ಕ್ಯಾಪ್ಟೊಪ್ರೊಪೈಲ್ ಟ್ರೈಮಿಥಾಕ್ಸಿಸೈಲೇನ್ ಇದೆ. ಒಂದು ತುದಿ ಗಾಜಿಗೆ, ಗಂಧಕದ ತುದಿ ಚಿನ್ನಕ್ಕೆ. ಬೆಳಕು ಹೀರುವುದಿಲ್ಲ, ಆಕ್ಸೈಡ್ ಆಗುವ ಅವಸರವಿಲ್ಲ. ಆದರೆ ತೇವ ತಾಗಿದರೆ ತನ್ನಷ್ಟಕ್ಕೆ ಪಾಲಿಮರ್ ಆಗಿ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಒಣಗಿಸಿದ ಟಾಲ್ಯೂಈನ್‌ನಲ್ಲಿ ಶೇ. 1, ಆಮೇಲೆ ಚೆನ್ನಾಗಿ ತೊಳೆದು 100–110 ಡಿಗ್ರಿಯಲ್ಲಿ ಒಣಗಿಸಿ. ಮಳೆಗಾಲದಲ್ಲಿ ತೆರೆದ ಬೆಂಚಿನ ಮೇಲೆ ಇದನ್ನು ಮಾಡಲು ಹೋಗಬೇಡಿ.

ಕೀಸಿಗ್:

4.8 ಎಂಬ ಸಂಖ್ಯೆಗೆ ಸ್ಕ್ಯಾನ್ ಎಷ್ಟು ದೊಡ್ಡದು ಎಂದು ಹೇಳದಿದ್ದರೆ ಅರ್ಥವಿಲ್ಲ. 1 ಮೈಕ್ರೋಮೀಟರ್ ಚೌಕದಲ್ಲಿ ಬರುವುದೇ ಬೇರೆ, 10ರಲ್ಲಿ ಬರುವುದೇ ಬೇರೆ. ದೊಡ್ಡ ಸ್ಕ್ಯಾನ್‌ನಲ್ಲಿ ಒಂದೇ ಒಂದು ಧೂಳಿನ ಕಣ ಇಡೀ ಸಂಖ್ಯೆಯನ್ನು ಕೆಡಿಸುತ್ತದೆ. ಎರಡೂ ಗಾತ್ರದಲ್ಲಿ, ಮೂರ್ನಾಲ್ಕು ಜಾಗದಲ್ಲಿ ತೆಗೆಯಿರಿ, ಬರಿ ಗಾಜಿನದನ್ನೂ ತೆಗೆಯಿರಿ. ಚಿತ್ರದಲ್ಲಿ ಕಣಗಳೆಲ್ಲ ಒಂದೇ ದಿಕ್ಕಿಗೆ ಒಂದೇ ಆಕಾರದಲ್ಲಿ ಕಂಡರೆ ನೀವು ನೋಡುತ್ತಿರುವುದು ಮೊಂಡಾದ ಟಿಪ್ಪಿನ ಆಕಾರ.

ಟಿಪ್ ಸರಿಯಿದ್ದೂ ಅಲ್ಲಲ್ಲಿ ಎತ್ತರದ ಗುಂಡುಗಳಿದ್ದರೆ ಚಿನ್ನ ಸಿಡಿಯುತ್ತಿದೆ. ಡಾರ್ಕ್ ಫೀಲ್ಡ್ ಮೈಕ್ರೋಸ್ಕೋಪ್‌ನಲ್ಲಿ ಚುಕ್ಕೆಚುಕ್ಕೆಯಾಗಿ ಹೊಳೆಯುತ್ತದೆ. ಕರೆಂಟ್ ಒಮ್ಮೆಲೇ ಏರಿಸುವುದು ಒಂದು ಕಾರಣ. ಇನ್ನೊಂದು ಚಿನ್ನ ಎಲ್ಲಿಂದ ತಂದಿರಿ ಎಂಬುದು. 99.99 ಇರಲಿ. ದುಡ್ಡು ಉಳಿಯುತ್ತದೆಂದು ಆಭರಣದಂಗಡಿಯ ಚೂರು ತಂದು ಹಾಕುವವರಿದ್ದಾರೆ. ಕೆಡಿಎಂ ಬೆಸುಗೆಯ ಕ್ಯಾಡ್ಮಿಯಂ, ಸತು ಚಿನ್ನ ಕರಗುವ ಎಷ್ಟೋ ಮುಂಚೆ ಆವಿಯಾಗಿ ಇಡೀ ಜಾರ್‌ಗೆ ಬಳಿದುಕೊಳ್ಳುತ್ತವೆ. ಮುಂದಿನ ಪದರಗಳಲ್ಲೂ ಅದೇ ಇಣುಕುತ್ತದೆ, ಜಾರ್ ಒರೆಸುವವರ ಮೈಗೂ ಕ್ಯಾಡ್ಮಿಯಂ ಒಳ್ಳೆಯದಲ್ಲ. ಬೇಕಾಗುವುದಾದರೂ ಎಷ್ಟು? 18.5 ಸೆಂ.ಮೀ. ದೂರಕ್ಕೆ 50 ನ್ಯಾನೋಮೀಟರ್ ಎಂದರೆ ಸುಮಾರು 0.1 ಗ್ರಾಂ. ಬೋಟಿನಲ್ಲಿ ಉಳಿಯುವುದನ್ನು ಸೇರಿಸಿ 0.15 ತೂಗಿ ಹಾಕಿ.

ದಪ್ಪಕ್ಕೆ ಪ್ರೊಫೈಲೋಮೀಟರ್ ಒಂದನ್ನೇ ನೆಚ್ಚಬೇಡಿ, ಎಕ್ಸ್-ರೇ ರಿಫ್ಲೆಕ್ಟಿವಿಟಿ ಮಾಡಿಸಿ: ಪದರದ ಮೇಲಿನಿಂದಲೂ ತಳದಿಂದಲೂ ಪ್ರತಿಫಲಿಸಿದ ಕಿರಣಗಳು ಸೇರಿ, ಕೋನ ಬದಲಿಸಿದಂತೆ ಏರಿಳಿಯುವ ಅಲೆ ಕಾಣುತ್ತದೆ. ತಾಮ್ರದ ಕೆ-ಆಲ್ಫಾ ಕಿರಣಕ್ಕೆ (1.5406 ಆಂಗ್‌ಸ್ಟ್ರಾಂ) ಅಲೆಗಳ ನಡುವಿನ ಅಂತರ, ಎರಡು-ಥೀಟಾದಲ್ಲಿ (ಕಿರಣ ಒಟ್ಟು ತಿರುಗುವ ಕೋನ), 50 ನ್ಯಾನೋಮೀಟರ್‌ಗೆ 0.177 ಡಿಗ್ರಿ, 38ಕ್ಕೆ 0.232. ಫಿಟ್ಟಿಂಗ್ ಇಲ್ಲದೆ ಸ್ಕೇಲ್ ಇಟ್ಟೇ ಹೇಳಬಹುದಾದ ವ್ಯತ್ಯಾಸ. ಹಂತ 0.01 ಡಿಗ್ರಿ ಇರಲಿ, 0.05 ಇಟ್ಟರೆ ಅಲೆಗೆ ಮೂರ್ನಾಲ್ಕು ಬಿಂದು ಮಾತ್ರ ಸಿಕ್ಕಿ ಅಲೆಯೇ ಕಳೆದುಹೋಗುತ್ತದೆ. ಚಿನ್ನದ ಕ್ರಿಟಿಕಲ್ ಕೋನ (ಇದಕ್ಕಿಂತ ಕೆಳಗೆ ಕಿರಣ ಪೂರ್ತಿ ಪ್ರತಿಫಲಿಸುತ್ತದೆ) ಎರಡು-ಥೀಟಾದಲ್ಲಿ 1.1ರ ಆಸುಪಾಸು, ಅದರ ಆಚೆಗಿನ ಅಲೆಗಳನ್ನು ಎಣಿಸಿ. ಆ ಕೋನ ಎಷ್ಟಕ್ಕೆ ಬಿತ್ತು ಎಂಬುದರಿಂದ ಪದರದ ಸಾಂದ್ರತೆಯೂ ಸಿಗುತ್ತದೆ. ಅಲೆಗಳು ಬೇಗನೆ ಮಸುಕಾದರೆ ಒರಟುತನ ನಿಜಕ್ಕೂ ಹೆಚ್ಚಿದೆ, ಎಎಫ್‌ಎಂ ತಪ್ಪಲ್ಲ. ನಿಮ್ಮಲ್ಲಿ ಈ ಉಪಕರಣ ಇಲ್ಲದಿದ್ದರೆ ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಹೊರಗಿನವರೂ ಶುಲ್ಕ ಕಟ್ಟಿ ಸ್ಯಾಂಪಲ್ ಅಳೆಸಬಹುದು. ಕಳಿಸುವಾಗ ಬರಿ ಗಾಜು, ಗಾಜು-ಕ್ರೋಮಿಯಂ, ಪೂರ್ತಿ ಪದರ ಮೂರನ್ನೂ ಕಳಿಸಿ, ಕೊನೆಯದೊಂದನ್ನೇ ಕಳಿಸಿದರೆ 2 ನ್ಯಾನೋಮೀಟರ್ ಕ್ರೋಮಿಯಂ ಎಷ್ಟಿದೆ ಎಂದು ಬಿಡಿಸಿ ಹೇಳುವುದು ಕಷ್ಟ.