ಅಪ್‌ಡೇಟ್: ಸೀಲ್ ಬದಲಿಸಿದ ಮೇಲೆ ಜಾರುತ್ತಿದ್ದ ಆಟೋಮ್ಯಾಟಿಕ್ ಗೇರ್‌ಬಾಕ್ಸ್

ನಾನು ಹಿಂದೆ ಕೇಳಿದ್ದ ಪ್ರಶ್ನೆ ಇದಾಗಿತ್ತು: ಎಡಗಡೆ ಡ್ರೈವ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಶಾಫ್ಟ್) ಆಯಿಲ್ ಸೀಲ್ ಹಾಕಿಸಿದ ಮೇಲೆ ‘ಡಿ’ಗೆ ಹಾಕಿದರೂ ಗಾಡಿ ತಡವಾಗಿ ಹಿಡಿಯುತ್ತಿತ್ತು. ಚಿಕ್ಕಮಗಳೂರಿನ ಕೈಮರ ದಾಟಿ ಮುಳ್ಳಯ್ಯನಗಿರಿ ಏರು ಸಿಕ್ಕರೆ ಆರ್‌ಪಿಎಂ ಮಾತ್ರ ಏರುತ್ತಿತ್ತು, ವೇಗ ಏರುತ್ತಿರಲಿಲ್ಲ. ಸ್ಕ್ಯಾನರ್‌ನಲ್ಲಿ ಪಿ0730 ದೋಷದ ಕೋಡ್, ಅಂದರೆ ಗೇರ್ ರೇಶಿಯೊ ತಪ್ಪು. ವಾಲ್ವ್ ಬಾಡಿ (ಗೇರ್‌ಬಾಕ್ಸ್ ಒಳಗೆ ಆಯಿಲ್ ಒತ್ತಡವನ್ನು ಹಂಚುವ ಭಾಗ) ಬದಲಿಸಿ ಎಂದವರೇ ಜಾಸ್ತಿ.

ವಾಲ್ವ್ ಬಾಡಿ ಸರಿ ಇದೆ. ಶಾಫ್ಟ್ ಎಳೆದಾಗ ಸುರಿದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಅನ್ನು ಗ್ಯಾರೇಜಿನವರು ಅಂದಾಜಿಗೆ ತುಂಬಿದ್ದರು. ಸುಮಾರು 900 ಮಿಲಿ ಕಡಿಮೆ. ಏರಿನಲ್ಲಿ ಆಯಿಲ್ ಹಿಂದಕ್ಕೆ ಸರಿದು ಪಂಪು ಗಾಳಿ ಎಳೆಯುತ್ತೆ, ಒತ್ತಡ ಬಿದ್ದು ಗೇರ್‌ಬಾಕ್ಸ್ ಒಳಗಿನ ಕ್ಲಚ್ ಜಾರುತ್ತೆ.

ಇದು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇಲ್ಲದ 6 ಸ್ಪೀಡ್ ಗೇರ್‌ಬಾಕ್ಸ್. ಎಂಜಿನ್ ಆಫ್ ಇದ್ದಾಗ ನೋಡಿದರೆ ಟಾರ್ಕ್ ಕನ್ವರ್ಟರ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ, ಆಯಿಲ್ ತುಂಬಿದ ಜೋಡಣೆ) ಒಳಗಿನ ಆಯಿಲ್ ಕೆಳಗಿಳಿದು ಭರ್ತಿ ಇರುವ ಹಾಗೆ ಕಾಣುತ್ತೆ, ನಂಬಬೇಡಿ. ಗಾಡಿ ಸಮತಟ್ಟಾಗಿ ಲಿಫ್ಟ್ ಮೇಲಿರಬೇಕು, ಎಂಜಿನ್ ಓಡುತ್ತಿರಬೇಕು. ಬ್ರೇಕ್ ಒತ್ತಿ ಪಿ, ಆರ್, ಎನ್, ಡಿ ಪ್ರತಿಯೊಂದರಲ್ಲೂ 2–3 ಸೆಕೆಂಡ್ ನಿಲ್ಲಿಸಿ, ಪಿಗೆ ಮರಳಿ. ಸ್ಕ್ಯಾನರ್‌ನಲ್ಲಿ ಆಯಿಲ್ ಬಿಸಿ ಮ್ಯಾನುಯಲ್ ಹೇಳುವಷ್ಟು (ನನ್ನದಕ್ಕೆ 35–45 ಡಿಗ್ರಿ) ಬಂದಾಗ ಲೆವೆಲ್ ಪ್ಲಗ್ (ಆಯಿಲ್ ಮಟ್ಟ ನೋಡುವ ತೂತಿನ ಬಿರಡೆ) ಬಿಚ್ಚಿ. ಏನೂ ಬಾರದಿದ್ದರೆ 100 ಮಿಲಿಯಂತೆ ತುಂಬಿ. ಧಾರೆ ತೆಳುವಾಗಿ ತೊಟ್ಟಿಕ್ಕತೊಡಗಿದರೆ ಮುಚ್ಚಿ, ಹೊಸ ವಾಷರ್ ಹಾಕಿ. ಅತಿ ಬಿಸಿಯಲ್ಲಿ ನೋಡಿದರೆ ಹಿಗ್ಗಿದ ಆಯಿಲ್ ಹೊರಹೋಗಿ ಮತ್ತೆ ಕಡಿಮೆಯಾಗುತ್ತೆ.

ಆಮೇಲೆ ಕೋಡ್ ಅಳಿಸಿ ಅಡಾಪ್ಟೇಶನ್ (ಗೇರ್ ಬದಲಿಸುವ ಬಗ್ಗೆ ಗೇರ್‌ಬಾಕ್ಸ್ ಕಂಪ್ಯೂಟರ್ ಕಲಿತಿಟ್ಟುಕೊಂಡ ಅಳತೆ) ರೀಸೆಟ್ ಮಾಡಿದ್ದು. ಈಗ ಡಿ ತಕ್ಷಣ ಹಿಡಿಯುತ್ತೆ, ಏರಿನಲ್ಲೂ ಜಾರುತ್ತಿಲ್ಲ. ನಿಲ್ಲುವಾಗ 2ರಿಂದ 1ಕ್ಕೆ ಸಣ್ಣ ಜರ್ಕ್ ಉಳಿದಿದೆ. ನಮ್ಮ ಪುಣ್ಯ, ಆಯಿಲ್ ಕೆಂಪಾಗೇ ಇತ್ತು. ಕಪ್ಪಾಗಿ ಸುಟ್ಟ ವಾಸನೆ ಬಂದಿದ್ದರೆ ಬರೀ ತುಂಬಿ ಪ್ರಯೋಜನವಿರಲಿಲ್ಲ.