ಮಗುವಿನ ಮೊದಲ ವರ್ಷದ ಪುಣ್ಯಸ್ಮರಣೆ: ಗದ್ದುಗೆ, ಊಟ, ಬಟ್ಟೆ ಬಗ್ಗೆ ತಿಳಿದವರು ಹೇಳಿ

ಹರಿಹರದವಳು:
ಅಕ್ಕನ ಮಗ ಲಿಂಗೈಕ್ಯನಾಗಿ ಬರೋ ತಿಂಗಳಿಗೆ ವರ್ಷ. 9 ವರ್ಷದವನು. ಸೆರೆಬ್ರಲ್ ಪಾಲ್ಸಿ (ಸಿಪಿ, ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ), ಜೊತೆಗೆ ಫಿಟ್ಸ್. ಮಾತಿರಲಿಲ್ಲ, ಕೊನೆಯ 2 ವರ್ಷ ಟ್ಯೂಬಲ್ಲೇ ಊಟ. ಸಮಾಧಿ ನಮ್ಮ ಎರೆ ಹೊಲದಲ್ಲೇ ಇದೆ. ಭಾವ ಅಲ್ಲಿ ಕಲ್ಲು ಕೂರಿಸಬೇಕು ಅಂತಾರೆ. ದೀಕ್ಷೆ ಆಗದ ಮಗುವಿಗೆ ಗದ್ದುಗೆ ಕಟ್ಟಬಹುದಾ ಅಂತ ಊರಲ್ಲಿ ಒಬ್ಬರು ಕೊಂಕು ತೆಗೆದಿದ್ದಾರೆ. ಅವನು ಹೋಗ್ತಿದ್ದ ವಿಶೇಷ ಶಾಲೆಯ ಮಕ್ಕಳಿಗೆ ಆ ದಿನ ಗೋಧಿ ಹುಗ್ಗಿ ಊಟ ಹಾಕಿಸೋದು ಅಂತ ಮಾತಾಗಿದೆ. ಅವನ ಬಟ್ಟೆ ಎರಡು ಟ್ರಂಕ್ ಇವೆ, ಅಕ್ಕ ಯಾರಿಗೂ ಕೊಡಲ್ಲ. ಸಿಪಿ ಚೇರು, ಕಫ ಎಳೆಯೋ ಸಕ್ಷನ್ ಮಷಿನ್ನು ಮೂಲೆಯಲ್ಲಿ ನಿಂತಿವೆ. ಯಾವುದನ್ನ ಹೇಗೆ ಮಾಡೋದು?

ಕಲ್ಲುಕುಟಿಗ:
ದೀಕ್ಷೆಯ ಮಾತು ಬಿಡಿ. ಹುಟ್ಟಿದಾಗ ಲಿಂಗ ಕಟ್ಟಿಸಿದ್ದರೆ, ಸಮಾಧಿ ಹೊತ್ತಲ್ಲಿ ಅಂಗೈಗೆ ಲಿಂಗ ಕೊಟ್ಟು ವಿಭೂತಿ ಹಚ್ಚಿದ್ದರೆ ಮುಗೀತು. ಸಮಾಧಾನ ಆಗದಿದ್ದರೆ ನಿಮ್ಮ ಮಠದ ಅಯ್ಯನವರನ್ನ ಒಂದು ಮಾತು ಕೇಳಿ, ಕೊಂಕು ತೆಗೆದವರನ್ನಲ್ಲ.

ಕೆಲಸ ಕೆಡೋದು ಮಣ್ಣಿಂದ. ತೋಡಿ ಮುಚ್ಚಿದ ಮಣ್ಣು ಕನಿಷ್ಠ ಒಂದು ಮಳೆಗಾಲ ಉಂಡು ಕೂತಿರಬೇಕು. ನಿಮ್ಮದು ವರ್ಷ ಆಗಿದೆ, ಆದರೂ ಗುದ್ದಲಿ ಹಿಂಬದಿಯಲ್ಲಿ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಮಣ್ಣು ತುಂಬಿ, ನೀರು ಹಾಕಿ, ಇನ್ನೊಂದು ಮಳೆ ಕಾಯಿರಿ. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಅದರ ಮೇಲೆ ಇಟ್ಟಿಗೆ ಸಿಮೆಂಟಿನ ಕಟ್ಟೆ ಕಟ್ಟಿದರೆ ಎರಡನೇ ಬೇಸಿಗೆಗೆ ಮೂಲೆ ಸೀಳುತ್ತೆ. ಸೈಜುಗಲ್ಲನ್ನ ಸಿಮೆಂಟಿಲ್ಲದೆ ಸುತ್ತ ಜೋಡಿಸಿ: ಕಲ್ಲು ಅಲುಗಾಡಿದರೂ ಬಿರುಕು ಬಿಡಲ್ಲ, ಎತ್ತಿ ಮತ್ತೆ ಕೂರಿಸಬಹುದು. ಸಾಲು ಗುಂಡಿಯ ಅಂಚಿಂದ 9 ಇಂಚಾದರೂ ಆಚೆ, ತೋಡದ ನೆಲದ ಮೇಲೆ ಬರಲಿ.

ಹೆಸರಿನ ಕಲ್ಲಿಗೆ ಅಕ್ಷರ 1 ಇಂಚಿಗಿಂತ ಸಣ್ಣದು ಬೇಡ, ಒತ್ತಕ್ಷರದ ಹತ್ತಿರ ಚಕ್ಕೆ ಹಾರುತ್ತೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲು ಕೆತ್ತುವವರ ಕಂಪ್ಯೂಟರಲ್ಲಿ ತೆರೆದಾಗ ಒತ್ತಕ್ಷರ ಚದುರಿ ಹೋಗೋದು ಮಾಮೂಲು. ಪಿಡಿಎಫ್ ಕೊಡಿ. ಕೆತ್ತೋ ಮೊದಲು, ಅಕ್ಷರ ಕತ್ತರಿಸಿದ ಸ್ಟಿಕರನ್ನ ಕಲ್ಲಿಗೆ ಅಂಟಿಸಿದ ಮೇಲೆ ಒಮ್ಮೆ ಅಮ್ಮನಿಂದಲೇ ಓದಿಸಿ.

ತುತ್ತುಟೀಚರ್:
ಊಟದ ಬಗ್ಗೆ ಮಾತ್ರ ಹೇಳ್ತೀನಿ, ಯಾಕಂದ್ರೆ ಇಲ್ಲಿ ಪ್ರೀತಿಯಿಂದಲೇ ಅಪಾಯ ಆಗುತ್ತೆ. ಗೋಧಿ ಹುಗ್ಗಿ ಬೇಡ. ಕುಟ್ಟಿದ ಗೋಧಿ ಎಷ್ಟು ಬೆಂದರೂ ಅಗಿಯಲೇಬೇಕು. ಅಗಿಯೋಕೆ ಬಾರದ ಮಗುವಿಗೆ ಕಾಳು ಅಂಗುಳಕ್ಕೆ ಅಂಟಿ, ಉಸಿರೆಳೆದಾಗ ಒಳಗೆ ಹೋಗುತ್ತೆ. ಶಾವಿಗೆ ಪಾಯಸ ಅದಕ್ಕಿಂತ ಕೆಟ್ಟದ್ದು: ತೆಳು ಹಾಲು ಮೊದಲೇ ಗಂಟಲಿಗೆ ಜಾರುತ್ತೆ, ಶಾವಿಗೆ ಬಾಯಲ್ಲೇ ಉಳಿಯುತ್ತೆ. ಮಂಡಕ್ಕಿ, ಶೇಂಗಾ, ಲಾಡು ಮಾತೇ ಬೇಡ.

ಹೆಸರುಬೇಳೆ ಸಿಹಿ ಪೊಂಗಲ್ ಮಾಡಿ. 1 ಲೋಟ ಅಕ್ಕಿಗೆ ಅರ್ಧ ಲೋಟ ಬೇಳೆ, 6 ಲೋಟ ನೀರು, ಕುಕ್ಕರಲ್ಲಿ ಮುದ್ದೆಯಾಗೋವರೆಗೆ ಬೇಯಿಸಿ. ಬೆಲ್ಲ ಕರಗಿಸಿ ಸೋಸಿ ಹಾಕಿ. ಗೋಡಂಬಿ, ಒಣದ್ರಾಕ್ಷಿ, ಕೊಬ್ಬರಿ, ಇಡೀ ಏಲಕ್ಕಿ ಯಾವುದೂ ಬೇಡ. ಒಂದು ಪಾಲನ್ನ ಮಿಕ್ಸಿಗೆ ಹಾಕಿ ಜರಡಿ ಹಿಡಿದು ಬೇರೆ ಪಾತ್ರೆಯಲ್ಲಿಡಿ. ಚಮಚ ಓರೆ ಮಾಡಿದರೆ ಒಂದೇ ಉಂಡೆಯಾಗಿ ಜಾರಬೇಕು, ನೀರಂತೆ ಹರಿಯಬಾರದು, ಅಂಟಿಕೊಂಡೂ ಕೂರಬಾರದು. ಆರಿದರೆ ಗಟ್ಟಿಯಾಗುತ್ತೆ, ಬಿಸಿನೀರು ಜೊತೆಗಿರಲಿ, ಬಡಿಸುವಾಗ ಮತ್ತೆ ಅದೇ ಪರೀಕ್ಷೆ.

ಎರಡು ದಿನ ಮುಂಚೆ ಶಾಲೆಯಿಂದ ಪಟ್ಟಿ ತಗೊಳ್ಳಿ: ಯಾರಿಗೆ ಬಾಯಿಂದ ಏನೂ ಕೊಡಬಾರದು, ಯಾರಿಗೆ ನುಣ್ಣಗೆ ರುಬ್ಬಿದ್ದು, ಯಾರು ಕೀಟೋ ಊಟದಲ್ಲಿದ್ದಾರೆ (ಕೊಬ್ಬು ಜಾಸ್ತಿ, ಅನ್ನ ಸಿಹಿ ತೀರಾ ಕಡಿಮೆ ಇರೋ ಪಥ್ಯ). ಫಿಟ್ಸ್‌ಗೆ ಕೀಟೋ ಊಟದಲ್ಲಿರೋ ಮಗುವಿಗೆ ಒಂದೆರಡು ಚಮಚ ಬೆಲ್ಲದ ಪೊಂಗಲ್ಲೂ ಇಷ್ಟು ದಿನದ ಪಥ್ಯ ಕೆಡಿಸಬಹುದು. ಅವರಿಗೆ ಹೂವು ಕೊಡಿ, ಬಣ್ಣದ ರುಮಾಲು ಕೊಡಿ. ತುತ್ತು ಇಡೋದು ಅಲ್ಲಿನ ಆಯಾ, ಟೀಚರು ಮಾತ್ರ. ನೆಂಟರು ದೂರ ಕೂರಲಿ. ಊಟ ಆದ ಮೇಲೆ ಮಕ್ಕಳು ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು, ಫೋಟೋಗೆ ಅಂತ ಎತ್ತಿ ಆಡಿಸಬೇಡಿ.

ಸೂಜಿದಾರ:
ಬಟ್ಟೆಗೆ ಕೌದಿ ಹೊಲಿರಿ. ಯಾರಿಗೂ ಕೊಡಬೇಕಿಲ್ಲ, ಟ್ರಂಕಲ್ಲಿ ನುಸಿ ತಿನ್ನೋದೂ ಬೇಡ.

ಅಮ್ಮನ ಒಂದು ಹಳೇ ಕಾಟನ್ ಸೀರೆ ತಗೊಳ್ರಿ, 5.5 ಮೀಟರಿಂದು. ಉದ್ದಕ್ಕೆ ನಾಲ್ಕು ಮಡಿಕೆ ಮಾಡಿದ್ರೆ ಸುಮಾರು ನಾಲ್ಕೂವರೆ ಅಡಿ ಉದ್ದ, ಮೂರೂವರೆ ಅಡಿ ಅಗಲದ ತಳ ಸಿಗುತ್ತೆ. ಮಗುವಿನ 12–15 ಬಟ್ಟೆ ಸಾಕು. ಕಾಟನ್ ಮಾತ್ರ, ನೈಲಾನ್ ಫ್ರಿಲ್ಲು, ಉಣ್ಣೆ ಸ್ವೆಟರ್ ಸೇರಿಸಿದ್ರೆ ಒಗೆದಾಗ ಒಂದು ಎಳೀತದ, ಒಂದು ಸುಕ್ಕಾಗ್ತದ. ಜೊಲ್ಲು ಬಟ್ಟೆಗಳನ್ನ ಮರೀಬ್ಯಾಡ್ರಿ, ಅವೇ ಅವನ ಮೈಮೇಲೆ ಹೆಚ್ಚು ಹೊತ್ತು ಇದ್ದಿದ್ದು. ಹಿಂದಿನ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕ್ರಿ. ಟವೆಲ್ ಬಟ್ಟೆಯದ್ದಾದ್ರೆ ನಡುವಿನ ಪದರಕ್ಕೆ ಒಂದೇ ವರಸೆ ಹಾಸ್ರಿ, ಅಂಚಿಗೆ ತಂದ್ರೆ ಸೂಜಿ ಮುರೀತದ. ಔಷಧದ ಕೆಂಪು ಕಲೆ ಹೋಗಲಿ ಅಂತ ಬ್ಲೀಚು ಹಾಕಬ್ಯಾಡ್ರಿ, ಬಟ್ಟೆ ಪಿಸಿಯುತ್ತೆ. ಕಲೆ ಇರಲಿ.

ಹೊಲಿಗೆ ಅಂಚಿಂದ ಶುರು ಮಾಡಿ ಸುತ್ತುತ್ತಾ ಒಳಕ್ಕೆ ಹೋಗ್ರಿ, ಸಾಲಿಂದ ಸಾಲಿಗೆ ಅರ್ಧ ಇಂಚು. ಉತ್ತರ ಕನ್ನಡದ ಸಿದ್ದಿ ಹೆಣ್ಮಕ್ಕಳ ಕವಂದಿ ಹೀಗೇ ಬೆಳೆಯೋದು. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ‘ಫೂಲ’ ಇಡದಿದ್ರೆ ಅವರ ಲೆಕ್ಕದಲ್ಲಿ ಅದು ಬೆತ್ತಲೆ ಕೌದಿ. ತಿಂಗಳಲ್ಲಿ ಒಬ್ಬರ ಕೈಲಿ ಮುಗಿಯಲ್ಲ, ನಾಲ್ಕು ಮಂದಿ ನಾಲ್ಕು ಕಡೆ ಕೂತ್ರೆ ಆಗ್ತದ.

ಒಂದು ಅಂಗಿ ಒಗೆಯದೆ ಉಳಿಸ್ರಿ. ಗಾಳಿಯಾಡದ ಜಿಪ್ ಕವರ್‌ನಾಗ ಇಡ್ರಿ, ಡಾಂಬರು ಗುಳಿಗೆ ಹತ್ತಿರಕ್ಕೂ ಬೇಡ. ಎರಡೇ ದಿನದಾಗ ಮಗುವಿನ ವಾಸನೆ ಹೋಗಿ ಗುಳಿಗೆ ವಾಸನೆ ಉಳೀತದ.

ಹರಿಹರದವಳು:
ಬಹಳ ಉಪಕಾರ. ಇನ್ನೆರಡು. ಕೌದಿ ಆದ ಮೇಲೆ ಗದ್ದುಗೆಗೆ ಹೊದಿಸಿ ಬಿಡಬೇಕು ಅಂತ ಅಜ್ಜಿ. ಮತ್ತೆ ಆ ಸಂಜೆ ಎಲ್ಲರೂ ಒಂದೊಂದು ಮಾತಾಡೋದು ಪದ್ಧತಿ, ಆದರೆ ಮಾತೇ ಆಡದ ಮಗುವಿನ ಬಗ್ಗೆ ಏನು ಹೇಳೋದು ಅಂತ ಗಂಡಸರು ತಲೆ ತಗ್ಗಿಸ್ತಾರೆ.

ಗಾಲಿಕುರ್ಚಿ:
200 ಪುಟದ ನೋಟ್‌ಬುಕ್ಕು ಈಗಲೇ ಮನೆಯಲ್ಲಿ ಓಡಾಡಲಿ. ‘ನೆನಪು ಬರೀರಿ’ ಅಂದ್ರೆ ಯಾರೂ ಬರೆಯಲ್ಲ. ಹೀಗೆ ಕೇಳಿ: ಎತ್ತುವಾಗ ಯಾವ ಕೈ ಕತ್ತಿನ ಕೆಳಗೆ ಇಡಬೇಕಿತ್ತು? ಹೂಂ ಅನ್ನೋಕೆ ಏನು ಮಾಡ್ತಿದ್ದ? ಪೂಜೆಯ ಗಂಟೆಗೆ ನಗ್ತಿದ್ದನಾ, ಬೆಚ್ಚುತ್ತಿದ್ದನಾ? ಫಿಟ್ಸ್ ಬರೋ ಮೊದಲು ಯಾರಿಗೆ ಗೊತ್ತಾಗ್ತಿತ್ತು? ಸಂಜೆ ಅದನ್ನೇ ಓದಿ. ಪ್ರವಚನಕ್ಕೆ ಬರೋರಿಗೂ ಇದರಲ್ಲಿ ನಾಲ್ಕು ಸಾಲು ಮೊದಲೇ ಬರೆದು ಕೊಡಿ. ಇಲ್ಲದಿದ್ದರೆ ಪೂರ್ವಜನ್ಮದ ಕರ್ಮ ಅಂತ ಶುರುವಾಗುತ್ತೆ, ತಾಯಿ ಎದ್ದು ಹೋಗ್ತಾಳೆ. ವಾಟ್ಸಾಪಲ್ಲಿ ಬಂದ ವಿಡಿಯೋ ಕುಗ್ಗಿರುತ್ತೆ, ತೆಗೆದ ಫೋನಿಂದಲೇ ಮೂಲ ಫೈಲು ಎರಡು ಕಡೆ ಇಳಿಸಿಕೊಳ್ಳಿ.

ಸಾಮಾನು: ಚೇರಿನ ಫೋಮು ಮೂತ್ರ ಹೀರಿರುತ್ತೆ, ಫೋಮು ರೆಕ್ಸಿನ್ ಎರಡೂ ಹೊಸದು ಹಾಕಿಸಿ. ಸೀಟಿನ ಅಗಲ, ಆಳ, ಬೆನ್ನಿನ ಎತ್ತರ ಅಳೆದು ಚೀಟಿ ಕಟ್ಟಿ, ಅಳತೆ ಇಲ್ಲದ ಚೇರು ಇನ್ನೊಂದು ಮಗುವಿನ ಬೆನ್ನು ಹಾಳು ಮಾಡುತ್ತೆ. ಸಕ್ಷನ್ ಮಷಿನ್ನಿನ ಟ್ಯೂಬು, ಫಿಲ್ಟರು ಎಸೆದು ಹೊಸದು. ಜಾರನ್ನ ಸೋಪಲ್ಲಿ ತೊಳೆದು, 5% ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) 1 ಪಾಲಿಗೆ ನೀರು 9 ಪಾಲು ಬೆರೆಸಿ 10 ನಿಮಿಷ ನೆನೆಸಿ. ಕಾಲಿನ ಸ್ಪ್ಲಿಂಟು ಅವನ ಅಚ್ಚಿಂದು, ಬೇರೆಯವರಿಗೆ ಬರಲ್ಲ. ಉಳಿದ ಫಿಟ್ಸ್ ಮಾತ್ರೆ, ತೆರೆದ ಸಿರಪ್ ಇನ್ನೊಬ್ಬ ತಾಯಿಗೆ ಕೊಡಬೇಡಿ. ಡೋಸು ತೂಕದ ಮೇಲಿರುತ್ತೆ.

ಸೂಜಿದಾರ:
ಕೌದಿ ಹೊಲದಾಗ ಬಿಡಬ್ಯಾಡ್ರಿ. ಒಂದು ಬೇಸಿಗೆ ಬಿಸಿಲಿಗೆ ಬಣ್ಣ ಹೋಗ್ತದ, ಸುಗ್ಗಿಗೆ ಇಲಿ ಕಡೀತಾವ. ಪೂಜೆ ಹೊತ್ತಿಗೆ ಹೊದಿಸಿ, ವಿಭೂತಿ, ಬಿಲ್ವಪತ್ರೆ ಏರಿಸಿ, ಮಂಗಳಾರತಿ ಆದ ಮೇಲೆ ಜಾಡಿಸಿ ಮನೀಗೆ ತರ್ರಿ. ಆ ರಾತ್ರಿ ಅಜ್ಜಿನೇ ಹೊದ್ದು ಮಲಗಲಿ.