ದೊಡ್ಡಪ್ಪನ ರೋಮ್ ಫಾರ್ವರ್ಡ್

ಭಾನುವಾರ ಬೆಳಗ್ಗೆ ನಮ್ಮ ‘ಮನೆ ಮಂದಿ’ ಗುಂಪಿನಲ್ಲಿ ನಡೆದದ್ದು. ನಡುವೆ ಬಂದ ಗುಡ್ ಮಾರ್ನಿಂಗ್ ಗುಲಾಬಿಗಳನ್ನು ತೆಗೆದಿದ್ದೇನೆ.

ದೊಡ್ಡಪ್ಪ: (ಫಾರ್ವರ್ಡ್) ಪ್ರಾಚೀನ ರೋಮಿನ ಮಕ್ಕಳು ಕತ್ತಲಲ್ಲೇ ಎದ್ದು ದೀಪ ಹಿಡಿದು ಶಾಲೆಗೆ ಹೋಗುತ್ತಿದ್ದರು. ತಪ್ಪಿದರೆ ಏಟು. ಅದಕ್ಕೇ ಅವರು ಜಗತ್ತನ್ನು ಆಳಿದರು! ಇಂದಿನ ಮಕ್ಕಳಿಗೆ ತೋರಿಸಿ 🙏

ಸುಮತ್ತೆ: ಚಿನ್ನುಗೆ ತೋರಿಸಿದೆ ಅಣ್ಣ. “ಭಾನುವಾರಾನೂ ಇತ್ತಾ?” ಅಂತ ಕೇಳಿದ 😂

ಚೈತ್ರಕ್ಕ: ಇರಲಿಲ್ಲ ಅತ್ತೆ, ವಾರಾನೇ ಬೇರೆ. ಎಂಟು ದಿನಕ್ಕೊಮ್ಮೆ ಸಂತೆ, ಅವತ್ತು ರಜೆ. ದೊಡ್ಡಪ್ಪ, ದೀಪದ ಮಾತು ನಿಜ. ಏಟೂ ನಿಜ. ಕೋಳಿ ಕೂಗುವ ಮೊದಲೇ ಮೇಷ್ಟ್ರ ಗದರಿಕೆ, ಏಟಿನ ಸದ್ದು, ನಿದ್ದೆ ಇಲ್ಲ ಅಂತ ಮಾರ್ಷಿಯಲ್ ಅನ್ನೋ ಕವಿ ಗೊಣಗಿದ್ದಾನೆ. ಆದರೆ “ಅದಕ್ಕೇ ಆಳಿದರು” ಅನ್ನೋದು ಯಾರ ಲೆಕ್ಕ?

ದೊಡ್ಡಪ್ಪ: ಶಿಸ್ತು ಕಣಮ್ಮಾ. ಏಟು ತಿಂದವರೇ ಮುಂದೆ ಬಂದದ್ದು.

ಚೈತ್ರಕ್ಕ: ಅದೇ ಮಾರ್ಷಿಯಲ್ ಇನ್ನೊಂದು ಕಡೆ ಮೇಷ್ಟ್ರಿಗೆ ಹೇಳುತ್ತಾನೆ: ಬೇಸಿಗೆಯಲ್ಲಿ ಕೋಲು ಮಲಗಿರಲಿ, ಹುಡುಗರು ಆರೋಗ್ಯವಾಗಿದ್ದರೆ ಸಾಕು, ಅಷ್ಟೇ ಕಲಿತಂತೆ. ಕ್ವಿಂಟಿಲಿಯನ್ ಇನ್ನೂ ನೇರ. ಅವನೇ ರೋಮಿನಲ್ಲಿ ಪಾಠ ಹೇಳುತ್ತಿದ್ದವನು, ವೆಸ್ಪಾಸಿಯನ್ ದೊರೆ ಖಜಾನೆಯಿಂದ ಸಂಬಳ ಕೊಟ್ಟ. ಬೈದರೂ ತಿದ್ದಿಕೊಳ್ಳದ ಹುಡುಗ ಏಟಿಗೂ ಮರಗಟ್ಟಿ ಹೋಗುತ್ತಾನೆ, ಹೊಡೆಯೋದು ಗುಲಾಮರಿಗೆ ಮಾಡುವಂಥದ್ದು ಅಂದ. ಅಕ್ಷರ ಕಲಿಸೋಕೆ ದಂತದ ಅಕ್ಷರ ಮಾಡಿ ಆಡೋಕೆ ಕೊಡಿ ಅಂದವನೂ ಅವನೇ.

ನಾನು: “ಗುಲಾಮರಿಗೆ” ಅಂದ್ರೆ? ಗುಲಾಮರ ಮಕ್ಕಳಿಗೆ ಹೊಡೀಬಹುದಾ?

ಚೈತ್ರಕ್ಕ: ಅವನಿಗೆ ಅದು ತಪ್ಪು ಅನ್ನಿಸಿದ ಹಾಗೆ ಕಾಣಲ್ಲ. ಉಳ್ಳವರ ಹುಡುಗನನ್ನು ಶಾಲೆಗೆ ಬಿಟ್ಟು ಕಾಯುತ್ತಿದ್ದವನೂ ಮನೆಯ ಗುಲಾಮನೇ. ಫಾರ್ವರ್ಡಿನ “ರೋಮಿನ ಮಕ್ಕಳು” ಅನ್ನೋದರಲ್ಲಿ ಅರ್ಧ ಮಕ್ಕಳು ಕಾಣೋದೇ ಇಲ್ಲ.

ಅಜ್ಜಿ: (ಧ್ವನಿ ಸಂದೇಶ, ನಾನೇ ಬರೆದುಕೊಂಡದ್ದು) ಲೇ ಚೈತ್ರಾ, ಅವರು ಮಕ್ಕಳಿಗೆ ದೃಷ್ಟಿ ತೆಗೀತಿದ್ರಾ?

ಚೈತ್ರಕ್ಕ: ತಾಯತ ಇತ್ತು ಅಜ್ಜಿ! ಬುಲ್ಲಾ ಅಂತ. ಗಂಡು ಮಗುವಿಗೆ 9ನೇ ದಿನ ಹೆಸರಿಡೋರು, ಹೆಣ್ಣಿಗೆ 8ನೇ ದಿನ. ಬುಲ್ಲಾ ಗಂಡು ಹುಡುಗರ ಕೊರಳಿಗೆ. ಇದ್ದವರಿಗೆ ಚಿನ್ನದ್ದು, ಇಲ್ಲದವರಿಗೆ ಚರ್ಮದ್ದು. ದೊಡ್ಡವನಾದ ದಿನ ಬಿಚ್ಚಿ ಮನೆದೇವರ ಮುಂದೆ ಇಡಬೇಕು.

ಅಜ್ಜಿ: ತಾಯತ ಕಟ್ಟೋದು ಹೆದರಿಕೆಗೆ. ಮಕ್ಕಳು ಉಳೀತಿರಲಿಲ್ಲ ಅನ್ಸುತ್ತೆ.

ಚೈತ್ರಕ್ಕ: ಹೌದಜ್ಜಿ. ಕೊರ್ನೀಲಿಯಾ ಅಂತ ದೊಡ್ಡ ಮನೆತನದ ಹೆಂಗಸು. ಹೆತ್ತದ್ದು 12, ದೊಡ್ಡವರಾಗಿದ್ದು 3. ಕ್ವಿಂಟಿಲಿಯನ್ನನ ಇಬ್ಬರು ಗಂಡು ಮಕ್ಕಳೂ ಚಿಕ್ಕ ವಯಸ್ಸಲ್ಲೇ ಹೋದರು. ಹೊಡೀಬೇಡಿ ಅಂತ ಬರೆದ ಪುಸ್ತಕದಲ್ಲೇ ಆ ದುಃಖಾನೂ ಬರೆದಿದ್ದಾನೆ.

ಅಜ್ಜಿ: ಅಯ್ಯೋ ಪಾಪ.

ದೊಡ್ಡಪ್ಪ: ಅದು ಬೇರೆ ವಿಷಯ. ನಾನು ಹೇಳಿದ್ದು ಶಿಸ್ತು.

ಚೈತ್ರಕ್ಕ: ಸರಿ, ಈ ಚಿತ್ರ ನೋಡಿ. 📷 ಪೊಂಪೇ ಅನ್ನೋ ರೋಮನ್ ಊರಲ್ಲಿ ಜೂಲಿಯಾ ಫೆಲಿಕ್ಸ್ ಅನ್ನೋಳ ಮನೆಯ ಗೋಡೆ ಮೇಲಿದ್ದದ್ದು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋಗಿತ್ತು. ಒಬ್ಬ ಹುಡುಗನನ್ನು ಇನ್ನೊಬ್ಬ ಬೆನ್ನ ಮೇಲೆ ಹೊತ್ತಿದ್ದಾನೆ. ಮತ್ತೊಬ್ಬ ಕಾಲು ಹಿಡಿದಿದ್ದಾನೆ. ಹಿಂದೆ ನಿಂತವನು ಚಾಟಿ ಎತ್ತಿದ್ದಾನೆ. ಪಕ್ಕದಲ್ಲಿ ಮೂವರು ತೊಡೆ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದಾರೆ, ಏನೂ ಆಗಿಲ್ಲ ಅನ್ನೋ ಹಾಗೆ. ಇದರಲ್ಲಿ ಜಗತ್ತು ಆಳೋನು ಯಾರು ದೊಡ್ಡಪ್ಪ?

(ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬರುವುದು, ನಿಲ್ಲುವುದು.)

ದೊಡ್ಡಪ್ಪ: ನಮ್ಮ ಶಾಲೆಯಲ್ಲಿ ಕಾಲು ಹಿಡಿಯೋ ಕೆಲಸ ನನಗೇ ಬೀಳ್ತಿತ್ತು. ಎಲ್ಲರಿಗಿಂತ ಎತ್ತರ ಇದ್ದೆನಲ್ಲ.

ಸುಮತ್ತೆ: ಯಾರ ಕಾಲು ಅಣ್ಣ?

ಚಿಕ್ಕಪ್ಪ: ನಂದು.

ಚಿಕ್ಕಪ್ಪ: ಗಟ್ಟಿಯಾಗೇ ಹಿಡೀತಿದ್ದ.

ಅಜ್ಜಿ: ನನಗೆ ಇಬ್ಬರೂ ಹೇಳಲೇ ಇಲ್ವಲ್ಲೋ.